ಚುಕ್ಕೆಗಳ ಸೊನ್ನೆ

ನನಗೆ ಊರಿನವರೆಲ್ಲರ ದನಿ ಬರುತ್ತದೆ. ಕೊಪ್ಪಳ ಬಸ್‌ಸ್ಟ್ಯಾಂಡಿನಲ್ಲಿ ಗಂಗಾವತಿ ಬಸ್ಸನ್ನು ಕೂಗುವವನ ಮೂಗುದನಿ, ನಾನು ಕೆಲಸ ಮಾಡುವ ಡಿಟಿಪಿ ಅಂಗಡಿಯ ಮಾಲೀಕರು ಸುಳ್ಳಿಗೆ ಮುಂಚೆ ಕೆಮ್ಮುವ ಕೆಮ್ಮು, ಎಲ್ಲವನ್ನೂ ಮಾಡಿ ತೋರಿಸಬಲ್ಲೆ. ನನ್ನ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ. ಇಂಥ ನಕಲುಗಾರನಿಗೆ ಒಂದು ಹೆಸರನ್ನು ಇದ್ದಂತೆ ಇಳಿಸಲಾಗಲಿಲ್ಲ. ಅದೂ ಕಲ್ಲಿನ ಮೇಲೆ ಹೋಗುವ ಹೆಸರು.

ವೀರೇಶ ನನ್ನ ಗೆಳೆಯ, ಹಿಟ್ನಾಳದವನು. ನನ್ನ ಅಣಕಕ್ಕೆ ಮೊದಲು ಸಿಕ್ಕವನು ಅವನೇ, ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ. ಹೆದ್ದಾರಿಯಲ್ಲಿ ಅವನ ಬೈಕಿಗೆ ಲಾರಿ ಬಡಿಯಿತು. ಅವರ ಹೊಲದಲ್ಲೇ ಮಣ್ಣು ಮಾಡಿದೆವು. ಮೇಲೆ ಹಾಸುವ ಕಲ್ಲಿನ ಮೇಲೆ ಹೆಸರು ಇರಲೇಬೇಕೆಂದು ಅವನ ತಾಯಿ, ಶಾಂತಾ ಚಿಗವ್ವ, ಹಟ ಹಿಡಿದಳು. ಹೆಸರಿಲ್ಲದಿದ್ದರೆ ಯಾರಾದರೂ ಬಟ್ಟೆ ಒಗೆಯಲು ಒಯ್ದುಬಿಡುತ್ತಾರೆ ಎಂಬುದು ಅವಳ ಭಯ. ನಮ್ಮ ಮಂದಿಯನ್ನು ಬಲ್ಲವರು ಇದನ್ನು ತಳ್ಳಿಹಾಕುವಂತಿಲ್ಲ.

ಹೆಸರನ್ನು ಕಂಪ್ಯೂಟರಿನಲ್ಲಿ ಬರೆದು ಕುಷ್ಟಗಿಯ ಕಲ್ಲುಕುಟಿಗ ಮೌಲಾಸಾಬರಿಗೆ ಕಳಿಸುವ ಕೆಲಸ ನನ್ನದಾಯಿತು. ಮೂರೇ ಅಕ್ಷರ. ಆದರೆ ಅವು ತೆರೆಯ ಮೇಲೆ ಮೂಡುವುದನ್ನು ನೋಡಲಾರದೆ ಕೀಲಿಮಣೆಯನ್ನೇ ನೋಡುತ್ತ ಹೊಡೆದೆ. ತಲೆ ಎತ್ತದೆ ಕಳಿಸಿಬಿಟ್ಟೆ.

ಇಲ್ಲಿ ಸ್ವಲ್ಪ ಪಾಂಡಿತ್ಯ ತೋರಿಸಲು ಬಿಡಿ, ಅಂಗಡಿಯಲ್ಲಿ ಯಾರೂ ಬಿಡುವುದಿಲ್ಲ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯೂನಿಕೋಡ್ ಎಂಬ ಏರ್ಪಾಟಿನಲ್ಲಿ ಜಗತ್ತಿನ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಇದೆ. ನಾವು ಒಂದೇ ಎಂದುಕೊಂಡ 'ವೀ' ಅದರ ಪಾಲಿಗೆ ಇಬ್ಬರು: ಮೊದಲು 'ವ', ಆಮೇಲೆ ಅದರ ಹೆಗಲೇರುವ ದೀರ್ಘದ ಗುರುತು. ಗುರುತಿಗೆ ತನ್ನದೇ ಸಂಖ್ಯೆ ಇದ್ದರೂ ಒಂಟಿಯಾಗಿ ನಿಲ್ಲಲು ಬಾರದು. ಹೆಗಲು ಸಿಗದಿದ್ದರೆ ಕಂಪ್ಯೂಟರು ಅಲ್ಲಿ ಚುಕ್ಕೆಗಳಿಂದ ಒಂದು ಸೊನ್ನೆ ಬರೆದು, ಇಲ್ಲಿ ಯಾರೋ ಇರಬೇಕಿತ್ತಲ್ಲ ಎಂದು ತೋರಿಸುತ್ತದೆ. ನಾನು ದೀರ್ಘವನ್ನು ಎರಡು ಸಲ ಒತ್ತಿದ್ದೆ. ಮೊದಲನೆಯದು 'ವ'ದ ಮೇಲೆ ಕೂತಿತು. ಎರಡನೆಯದಕ್ಕೆ ಸೊನ್ನೆ ಬಂತು.

ಟಂಟಂ ಗಾಡಿಯಲ್ಲಿ ಕಲ್ಲು ಹೊಲಕ್ಕೆ ಬಂದು ಇಳಿಯಿತು, ಜೊತೆಗೆ ಮೌಲಾಸಾಬರೂ ಬಂದರು. ಚಿಗವ್ವನಿಗೆ ಓದಲು ಬರುವುದು ಎರಡೇ ಹೆಸರು, ಅವಳದು ಮತ್ತು ಮಗನದು. ಬೆರಳಾಡಿಸುತ್ತ ಹೋದವಳು 'ವೀ' ದಾಟಿ ನಿಂತಳು. ಅಲ್ಲಿ ಒಂದೊಂದೇ ಚುಕ್ಕೆಯನ್ನೂ ಬಿಡದೆ, ದುಂಡಗೆ, ಆಳವಾಗಿ ಕೊರೆದಿತ್ತು.

"ಇದ್ಯಾವ ಅಕ್ಷರ ತಮ್ಮಾ? ನನ್ನ ಮಗನ ಹೆಸರಿನ್ಯಾಗ ಇದು ಇರಲಿಲ್ಲ."

ನಾನು ಬಾಯಿ ತೆರೆದೆ. ಅಷ್ಟು ಜನರ ದನಿಯಲ್ಲಿ ಒಂದೂ ನೆರವಿಗೆ ಬರಲಿಲ್ಲ. ಮೌಲಾಸಾಬರೇ ತಪ್ಪು ತಮ್ಮದೆಂಬಂತೆ ಟೊಪ್ಪಿಗೆ ತೆಗೆದರು.

"ಕಂಪ್ಯೂಟರಿನ್ಯಾಗ ಹೆಂಗ ಬಂತೋ ಹಂಗ ಕಡದೀನಿ ಯವ್ವಾ. ನಿಮ್ಮ ಮಂದ್ಯಾಗ ಲಿಂಗದ ಗುರುತು ಏನರ ಇರಬೇಕಂತ ತಿಳಿದೆ."

ಎಂಥ ಮರ್ಯಾದೆಯ ತಪ್ಪು! ನನ್ನದಕ್ಕೆ ಆ ಅಂತಸ್ತಿಲ್ಲ. ಎರಡು ಸಲ ಒತ್ತಿದ್ದು ನಾನೇ ಎಂದು ಕಡೆಗೂ ಹೇಳಿದೆ. ಕಲ್ಲಿನಲ್ಲಿ ಅಳಿಸುವ ಕೀಲಿ ಇಲ್ಲ. ಚುಕ್ಕೆಗಳನ್ನು ಕೂಡಿಸಿ ಹೂವು ಮಾಡಿಕೊಡುತ್ತೇನೆ ಎಂದರು ಮೌಲಾಸಾಬರು. ಚಿಗವ್ವ ಆ ಚುಕ್ಕೆಗಳ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು.

"ಹೂವು ಬ್ಯಾಡ್ರಿ. ಕಲ್ಲ ಹೊಳ್ಳಿಸಿ ಆ ಕಡೆ ಸುದ್ದ ಕಡೀರಿ. ಇದು ಒಳಮಕ ಅವನ ಕಡೆ ಇರಲಿ." ನನ್ನ ಕಡೆ ನೋಡಲಿಲ್ಲ. "ಓದಿದರ, ಇವ ಮತ್ತ ಚಾಷ್ಟಿ ಮಾಡ್ಯಾನ ಅಂತ ನಗತಾನ."

ಮುಂದಿನ ವಾರ ಹಾಗೇ ಹಾಸಿದೆವು. ಮೇಲೆ ಮೂರು ಅಕ್ಷರ, ಬದುಕಿರುವವರಿಗೆ. ಕೆಳಗಿನದನ್ನು ಮಣ್ಣು ಮುಚ್ಚಿತು. ಜೀವಮಾನವಿಡೀ ಚೇಷ್ಟೆ ಮಾಡಿದ್ದೇನೆ, ಒಂದೂ ಮರುದಿನಕ್ಕೆ ಉಳಿಯಲಿಲ್ಲ. ಮಾಡದೇ ಇದ್ದ ಒಂದು ಮಾತ್ರ ಗ್ರಾನೈಟಿನಲ್ಲಿದೆ.