ನನ್ನ ಧ್ಯಾನ ಹಾರ್ಟ್ ಬ್ಲಾಕ್ ಆಗಿತ್ತು

ಮೊದಲ ಸಲ ನನಗೆ ಪ್ರಜ್ಞೆ ತಪ್ಪಿದಾಗ ಸೊಸೆ ನನಗೆ ಕೈ ಮುಗಿದಳು.

ಬೆಳಿಗ್ಗೆ ಲಿಂಗಪೂಜೆಗೆ ಕುಳಿತಿದ್ದೆ. ಎಡ ಅಂಗೈಯಲ್ಲಿ ಇಷ್ಟಲಿಂಗ, ಬೆನ್ನಿಗೆ ಗೋಡೆ. ಕಣ್ಣು ಕತ್ತಲೆ ಬಂತು. ಮತ್ತೆ ಕಣ್ಣು ಬಿಟ್ಟಾಗ ಲಿಂಗ ಮಡಿಲಲ್ಲಿತ್ತು. ಸೊಸೆ ಶೈಲಜಾ ಬಾಗಿಲಲ್ಲಿ ಕೈ ಮುಗಿದು ನಿಂತು ಪಕ್ಕದ ಮನೆಯವರಿಗೆ ಪಿಸುಗುಟ್ಟುತ್ತಿದ್ದಳು: "ಸುಮ್ಕಿರಿ. ಅತ್ತೆ ಧ್ಯಾನದಲ್ಲವ್ರೆ."

ಅರವತ್ತೆಂಟು ವರ್ಷದಲ್ಲಿ ಧ್ಯಾನ ನನ್ನ ಹತ್ತಿರ ಸುಳಿದದ್ದಿಲ್ಲ. ಪೂಜೆಗೆ ಕುಳಿತರೆ ಮನಸ್ಸು ಅಡುಗೆಮನೆಗೇ ಓಡುತ್ತದೆ. ಆದರೂ ನಿಜ ಹೇಳಲಿಲ್ಲ. ಅಂದಿನಿಂದ ತಾಂಡವಪುರದ ನಮ್ಮ ಬೀದಿಯಲ್ಲಿ ನನ್ನ ಮರ್ಯಾದೆ ಏರಿತ್ತು, ಕೇಳುವ ಮೊದಲೇ ಕಾಫಿ ಬರುತ್ತಿತ್ತು. ಯಾರಿಗೆ ಬೇಡ? ನಾಲ್ಕು ಮೆಟ್ಟಿಲಿಗೆ ಏದುಸಿರು ಬರುತ್ತಿದ್ದುದನ್ನೂ ವಯಸ್ಸಿನ ಮೇಲೆ ಹಾಕಿ ಸುಮ್ಮನಾದೆ.

ಎರಡು ವಾರದಲ್ಲಿ ಮೂರು ಸಲ ಧ್ಯಾನವಾಯಿತು.

ನಾಲ್ಕನೆಯದು ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಹಣೆ ಒಡೆಯಿತು. ಶೈಲಜಾ ಅಳುತ್ತಲೇ ಎಸ್‌ಟಿಡಿ ಬೂತಿನಿಂದ ನನ್ನ ಮಗನಿಗೆ ಫೋನು ಮಾಡಿ, ಆಟೋದಲ್ಲಿ ನನ್ನನ್ನು ನಂಜನಗೂಡಿಗೆ ಕರೆದೊಯ್ದಳು.

ಡಾಕ್ಟರು ನಾಡಿ ಹಿಡಿದು ಗಡಿಯಾರ ನೋಡಿದರು. ಮತ್ತೆ ಹಿಡಿದರು. ಇಸಿಜಿ ತೆಗೆಸಿದರು.

"ಅಜ್ಜಿ, ನಿಮಿಷಕ್ಕೆ ಮೂವತ್ತೆರಡೇ ಸಲ ಬಡ್ಕೊಳ್ತಿದೆ. ಕಂಪ್ಲೀಟ್ ಹಾರ್ಟ್ ಬ್ಲಾಕ್. ಹೃದಯದ ಮೇಲಿನ ಕೋಣೆಯಿಂದ ಕರೆಂಟು ಕೆಳಗಿನ ಕೋಣೆಗೆ ಬರ್ತಿಲ್ಲ. ಇವತ್ತೇ ಮೈಸೂರಿಗೆ ಹೊರಡಿ, ಪೇಸ್‌ಮೇಕರ್ ಹಾಕಿಸ್ಬೇಕು. ಮುಂಚೆ ಯಾವತ್ತಾದ್ರೂ ಹೀಗಾಗಿತ್ತಾ?"

"ಮೂರು ಸತಿ ಆಗಿತ್ತು ಸಾ," ಎಂದೆ. "ಪೂಜೇಲಿ."

ಶೈಲಜಾ ದಂಗಾದಳು. "ನಾನು ಕೈ ಮುಗ್ಕೊಂಡು ನಿಂತಿದ್ನಲ್ಲತ್ತೆ! ಅಂಗೇ ಓಗ್ಬುಟ್ಟಿದ್ರೆ?"

ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಮೈಸೂರಿನ ಆಸ್ಪತ್ರೆಯಲ್ಲಿ ನರ್ಸು ಕೊರಳಿನ ಲಿಂಗ ತೆಗೆಯಿರಿ ಎಂದಳು. ಮೈಮೇಲಿಂದ ಅದು ಇಳಿಯಬಾರದು, ನಾನು ಒಪ್ಪಲಿಲ್ಲ. ಶೈಲಜಾ ಡಾಕ್ಟರನ್ನು ಕೇಳಿ ಅದನ್ನು ಬಲಗೈ ರಟ್ಟೆಗೆ ಕಟ್ಟಿದಳು. ಎಡ ಭುಜದ ಕೆಳಗೆ, ಚರ್ಮದೊಳಗೆ, ಬೆಂಕಿಪೊಟ್ಟಣದಷ್ಟು ದೊಡ್ಡ ಪೇಸ್‌ಮೇಕರ್ ಕೂತಿತು.

ಈಗ ಆರು ವಾರ. ಇಷ್ಟು ದಿನ ಎಡಗೈ ಮೇಲೆತ್ತುವಂತಿರಲಿಲ್ಲವಾದ್ದರಿಂದ ಶೈಲಜಾಳೇ ನನ್ನ ತಲೆ ಬಾಚಿದಳು, ಬೈಯುತ್ತಲೇ. ಮೆಟ್ಟಿಲು ಸಲೀಸಾಗಿ ಹತ್ತುತ್ತೇನೆ. ಮರ್ಯಾದೆ ಮಾತ್ರ ಹೋಯಿತು. ಪೂಜೆಯಲ್ಲಿ ಕಣ್ಣು ಮುಚ್ಚಿದರೆ ಸಾಕು, ಒಳಗಿನಿಂದ ಕೂಗು: "ಅತ್ತೆ, ಎಚ್ಚರಾಗಿದ್ದೀರಾ?"

"ಇವ್ನಿ ಕಣವ್ವ!"

ಮೊನ್ನೆ ಕೂಗು ಬರಲಿಲ್ಲ. ಮಣಿಕಟ್ಟಿಗೆ ಏನೋ ಬೆಚ್ಚಗೆ ತಾಗಿತು. ಕಣ್ಣು ಬಿಟ್ಟೆ. ಟಿ. ನರಸೀಪುರದಿಂದ ಸೊಸೆಯಾಗಿ ಈ ಮನೆಗೆ ಬಂದ ಹುಡುಗಿ ಪಕ್ಕದಲ್ಲಿ ಕುಳಿತು, ಡಾಕ್ಟರು ಕಲಿಸಿದಂತೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತಾ, ತುಟಿಯೊಳಗೇ ನನ್ನ ನಾಡಿ ಎಣಿಸುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ನಮ್ಮ ಮನೆಯಲ್ಲಿ ನಿಜವಾದ ಧ್ಯಾನವನ್ನು ನಾನು ಕಂಡದ್ದು ಅದೇ ಮೊದಲು.