ಚಾಚಿಯ ಗೋಡೆಗೆ ಅಂಟಿದ ಸ್ಟೋರ್ ರೂಮ್

ಬೈಲಹೊಂಗಲದ ನಮ್ಮ ಮನೆಯೊಳಗೆ ಒಂದು ಪಾಯಖಾನೆ ಕಟ್ಟಿಸಲು ಪುರಸಭೆಗೆ ಅರ್ಜಿ ಹಾಕಿದಾಗ ನಾನು ಒಂದು ಸುಳ್ಳು ಬರೆದೆ. ಕಾನ್ವೆಂಟಿನಲ್ಲಿ ಮಾರಲ್ ಸೈನ್ಸಿಗೆ ಪ್ರೈಜ್ ತೆಗೆದುಕೊಂಡವಳು ನಾನು. ಆ ಸುಳ್ಳನ್ನೂ ಸಿಸ್ಟರುಗಳು ಮೆಚ್ಚುವಷ್ಟು ನೀಟಾದ ಅಕ್ಷರದಲ್ಲೇ ಬರೆದಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಿತ್ತಲಿನ ಪಾಯಖಾನೆಗೆ ಹೋಗುವಾಗ ಅತ್ತೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು. ಆಪರೇಶನ್ ಆದ ಮೇಲೆ ಕುಕ್ಕರಗಾಲಿನಲ್ಲಿ ಕೂಡುವಂತಿರಲಿಲ್ಲ. ನಮ್ಮವರು ಕುರ್ಚಿಯೊಂದಕ್ಕೆ ತೂತು ಕೊರೆಸಿ ಅಲ್ಲಿ ಇಡಿಸಿದರು. ಅದು ಅಲುಗಾಡದಂತೆ ಹಿಡಿದುಕೊಂಡು ನಾನು ಎದುರಿಗೆ ನಿಲ್ಲಬೇಕು. ಅತ್ತೆ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಸೊಸೆಯ ಮುಂದೆ ಹೀಗೆ ಕೂಡಬೇಕಾಯಿತಲ್ಲ ಎಂಬ ನಾಚಿಕೆಗೆ ನೀರು ಕುಡಿಯುವುದನ್ನೇ ಬಿಡುತ್ತ ಬಂದರು. ಹೀಗೇ ನಡೆದರೆ ಕಿಡ್ನಿ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ಆದರೆ ಒಳಗೆ ಕಮೋಡು ಹಾಕಿಸೋಣ ಎಂದರೆ ಅತ್ತೆ ಸಿಡಿಯುತ್ತಿದ್ದರು. "ಒಲಿ ಇರೋ ಮನಿ, ದೇವರಿರೋ ಮನಿ. ನಾ ಸತ್ತ ಮ್ಯಾಲ ನಿಮಗ ಬೇಕಾದ್ದ ಕಟಗೊಳ್ರಿ."

ಮೊದಲು ಕಟ್ಟಿಬಿಡೋಣ, ಆಮೇಲೆ ಒಪ್ಪಿಸೋಣ ಎಂದುಕೊಂಡೆ. ಅತ್ತೆ ಮಲಗುತ್ತಿದ್ದದ್ದು ನಡುಮನೆಯಲ್ಲಿ. ಅದರ ಪಶ್ಚಿಮಕ್ಕೆ ದೇವರಮನೆ. ಪೂರ್ವದ ಗೋಡೆ ನಮಗೂ ಪಕ್ಕದ ಮನೆಯ ಚಾಚಿಗೂ ಸಾಮಾಯಿಕ, ಅಂದರೆ ಇಬ್ಬರಿಗೂ ಸೇರಿದ್ದು. ಚಾಚಿಯ ಮಗ ನೇಸರಗಿ ಸಂತೆಗೆ ಟೆಂಪೋ ಹೊಡೆಯುತ್ತಿದ್ದ. ಚಾಚಿ ಮನೆಯಲ್ಲಿ ಗಾದಿಗೆ ಟಾಕು ಹಾಕಿ ಹೊಲಿದುಕೊಡುತ್ತಿದ್ದರು. ಆ ಪೂರ್ವದ ಮೂಲೆಯಲ್ಲಿ ಒಂದು ಗೋಡೆ ಎಬ್ಬಿಸಿ ಪಾಯಖಾನೆ ಮಾಡುವುದೆಂದು ಪ್ಲಾನ್ ಹಾಕಿಸಿದೆ. ಕಾಗದಗಳು ಹಾಸಿಗೆಯಲ್ಲಿದ್ದ ಅತ್ತೆಯ ಕಣ್ಣಿಗೆ ಬೀಳದೆ ಇರುವುದಿಲ್ಲ, ಅವರಿಗೆ ಓದಲು ಚೆನ್ನಾಗಿಯೇ ಬರುತ್ತಿತ್ತು. ಹಾಗಾಗಿ ಪ್ಲಾನಿನಲ್ಲೂ ಅರ್ಜಿಯಲ್ಲೂ 'ಸ್ಟೋರ್ ರೂಮ್' ಎಂದು ಬರೆಸಿದೆ, ಬರೆದೆ. ಸಾಮಾಯಿಕ ಗೋಡೆಗೆ ನೆರೆಯವರ ಒಪ್ಪಿಗೆ ಪತ್ರ ಬೇಕಾಗಿತ್ತು. ಚಾಚಿ ಏನೂ ಕೇಳದೆ ಉರ್ದುವಿನಲ್ಲಿ ಸಹಿ ಹಾಕಿ, ನನಗೆ ಚಹಾ ಕುಡಿಸಿ ಕಳಿಸಿದರು.

ಜಾಗ ನೋಡಲು ಪುರಸಭೆಯ ಇಂಜಿನಿಯರ್ ಬಂದ ದಿನವೇ ಕಟ್ಟುವ ಕೆಲಸಕ್ಕೆ ಹೇಳಿದ್ದ ಕಟಕೋಳದ ಗೌಂಡಿಯೂ ಬಂದು ಕೂತಿದ್ದ. ಪಡಸಾಲೆಯ ಮೂಲೆಯಲ್ಲಿ ಗೋಣಿಚೀಲ ಸುತ್ತಿದ ಒಂದು ದೊಡ್ಡ ಗಂಟು ಇತ್ತು. ಅದು ಗ್ರೈಂಡರ್ ಎಂದು ಅತ್ತೆಗೆ ಹೇಳಿದ್ದೆ.

ಇಂಜಿನಿಯರ್ ನಡುಮನೆಯಲ್ಲಿ ನಿಂತು ಪ್ಲಾನ್ ಬಿಚ್ಚಿದರು. "ಅಕ್ಕಾರ, ಸ್ಟೋರ್ ರೂಮ್ ಅಂತ ಬರದೀರಿ. ನೆಲದಾಗ ನಾಕ ಇಂಚಿನ ಪೈಪ್ ತೋರಿಸೀರಿ. ನಿಮ್ಮ ಜೋಳ ಹರಕೊಂತ ಹೋಗ್ತಾವೇನ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಕಣ್ಣು ಗಂಟಿನ ಮೇಲೆ ಬಿತ್ತು. "ಅದರಾಗೇನೈತಿ?"

"ಕಮೋಡ್ ಐತ್ರಿ ಸಾಹೇಬ್ರ," ಎಂದ ಗೌಂಡಿ, ಬಹಳ ಹೆಮ್ಮೆಯಿಂದ. "ಬೆಳಗಾವಿಂದ ತರಿಸ್ಯಾರ. ಬಿಚ್ಚಿ ತೋರಸ್ಲೇನ್ರಿ?"

ಇಂಜಿನಿಯರ್ ನಕ್ಕರು. ಅತ್ತೆ ನಗಲಿಲ್ಲ. ಮಂಚದ ಮೇಲೆ ಆ ಕಡೆ ಹೊರಳಿದರು. ಅಬ್ಜೆಕ್ಷನ್ ಹಚ್ಚಿದ ಪ್ಲಾನ್ ನನ್ನ ಕೈಗೆ ವಾಪಸು ಬಂತು. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು, ಒಪ್ಪಿಗೆ ಪತ್ರವನ್ನೂ ಹೊಸದಾಗಿ ತರಬೇಕು.

ಮರುದಿನ ಚಾಚಿಯ ಮನೆಗೆ ಹೋದೆ. ಪತ್ರ ಇನ್ನೊಮ್ಮೆ ಬರೆಯಬೇಕಾಗಿದೆ ಎಂದೆ.

"ಕುಂದ್ರು ಬೇಟಿ. ಯಾಕ, ಸ್ಟೋರ್ ಸಣ್ಣದಾತೇನು?"

ನಾಚಿಕೆ ಬಿಟ್ಟು ಎಲ್ಲ ಹೇಳಿದೆ. ಚಾಚಿ ಸೂಜಿಯನ್ನು ಗಾದಿಗೆ ಚುಚ್ಚಿಟ್ಟು ಎದ್ದರು. ನನ್ನನ್ನು ಒಳಕೋಣೆಗೆ ಕರೆದೊಯ್ದರು. ನಮ್ಮ ಪೂರ್ವದ ಗೋಡೆ ಅವರಿಗೆ ಪಶ್ಚಿಮದ ಗೋಡೆ. ಅದರ ಬುಡದಲ್ಲಿ ನಮಾಜಿನ ಚಾಪೆ ಮಡಚಿಟ್ಟಿತ್ತು.

"ದಿನಾ ಐದ ಹೊತ್ತು ಇದಕ್ಕ ಮಾರಿ ಮಾಡಿ ನಿಂದರತೇನಿ," ಎಂದರು. ಬಗ್ಗಿ ಚಾಪೆಯ ಮಡಿಕೆ ಸರಿಮಾಡಿದರು. "ನಿಮ್ಮತ್ತಿ ತ್ರಾಸ ನನಗ ಗೊತ್ತಿಲ್ಲೇನು? ಬ್ಯಾಡ ಅನ್ನಾಕ ಬಾಯಿ ಬರವಲ್ದು. ಕೊಡು, ಸಹಿ ಮಾಡತೇನಿ. ಖರೇ ನೀ ಮೊದಲ ಹೇಳಬೇಕಿತ್ತು."

ಪೆನ್ನು ಕೊಡಲು ನನ್ನ ಕೈ ಮುಂದೆ ಹೋಗಲಿಲ್ಲ. ಸಹಿಯಿಲ್ಲದ ಪತ್ರ ಹಿಡಿದುಕೊಂಡೇ ಮನೆಗೆ ಬಂದೆ.

ಹಿಂದಿನ ದಿನದಿಂದ ಮಾತು ಬಿಟ್ಟಿದ್ದ ಅತ್ತೆ ತಾವಾಗಿಯೇ ಕೇಳಿದರು. "ಏನಂದ್ಲು?"

ಹೇಳಿದೆ.

"ಆಕಿ ಅದs ಗ್ವಾಡಿಗೆ ನಿಂದರತಾಳಂತ ನಿನಗ ಗೊತ್ತಿರಲಿಲ್ಲ?"

"ಇಲ್ಲ ಅತ್ತಿ."

"ಇಪ್ಪತ್ತ ವರ್ಷಾತು ನೀ ಈ ಮನಿಗೆ ಬಂದು. ಇಂಗ್ಲೀಷ್ ಸಾಲಿ ಕಲ್ತಾಕಿ."

ಆ ಮನೆಯಿಂದ ಎಷ್ಟು ಬಟ್ಟಲು ಶೀರಕುರ್ಮಾ ತಂದು ಉಂಡಿದ್ದೆ! ಗೋಡೆಯ ಆಚೆ ಯಾರು ಎಲ್ಲಿ ನಿಲ್ಲುತ್ತಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಸಂಜೆ ನಮ್ಮವರು ಬಂದ ಕೂಡಲೇ ಅತ್ತೆ ಹೇಳಿದರು, "ದೇವರಮನಿ ಖಾಲಿ ಮಾಡಸು. ಅಲ್ಲೇ ಕಟ್ಟರಿ, ಏನ್ ಕಟ್ಟತೀರಿ ಅದನ್ನ."

ನಮ್ಮವರು ಗಾಬರಿಯಾದರು. "ಅವ್ವಾ, ದೇವರಮನ್ಯಾಗ? ಮಂದಿ ಏನಂದಾರು!"

"ಮಂದಿ ನನ್ನ ಕುರ್ಚಿ ಹಿಡೀತಾರೇನು?" ಅತ್ತೆ ಸೀರೆಯ ಸೆರಗಿನ ಮೇಲಿಂದಲೇ ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿಕೊಂಡರು. "ನಮ್ಮ ದೇವರು ನಾ ಕುಂತಲ್ಲೆ ಕುಂದರತಾನ. ದೇವರ ಜಗಲಿ ಮ್ಯಾಲಿನ ಫೋಟೋ ಪಡಸಾಲಿಗೆ ಒಯ್ದ ಇಟ್ರ ಒಲ್ಲೆ ಅಂತಾವೇನು? ಆಕಿ ದಿಕ್ಕ ಬದಲಿ ಮಾಡಾಕ ಬರತೈತೇನು, ಹೇಳು."

ಒಳಗೆ ಕಟ್ಟುವುದಕ್ಕೇ ಒಪ್ಪದಿದ್ದ ಹೆಂಗಸು ಅವರು.

ಹೊಸ ಬ್ಲೂಪ್ರಿಂಟ್, ಹೊಸ ಅರ್ಜಿ. ಪುರಸಭೆಯ ಗುಮಾಸ್ತರು ಎರಡೂ ಪ್ಲಾನ್‌ಗಳನ್ನು ಪಕ್ಕಪಕ್ಕ ಹರಡಿ ಕನ್ನಡಕ ಸರಿಮಾಡಿಕೊಂಡರು. "ಅಲ್ರೀ ಬಾಯಾರ, ಇದರಾಗ ದೇವರಮನಿ ಅಂತೈತಿ, ಇದರಾಗ ಟಾಯ್ಲೆಟ್ ಅಂತೈತಿ. ದೇವರು ಎಲ್ಲಿ ಹೋದ್ರು?"

"ಪಡಸಾಲಿಗೆ ಶಿಫ್ಟ್ ಆಗ್ಯಾರ್ರಿ," ಎಂದೆ.

"ಈ ಸಲ ಖರೇ ಬರದೀರಿ, ಹೌದಿಲ್ಲೋ?"

"ಖರೇ ಬರದೇನ್ರಿ."

ಆ ಕಡೆಯ ಗೋಡೆ ಪೂರಾ ನಮ್ಮದೇ ಆದ್ದರಿಂದ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಕೆಲವು ವಾರಗಳ ನಂತರ ದುಂಡು ಸಿಕ್ಕೆ ಒತ್ತಿದ ಪರವಾನಿಗೆ ಬಂತು. ಜಗಲಿ ಎತ್ತುವ ದಿನ ಚಾಚಿ ಬಂದು ಅತ್ತೆಯ ಮಂಚದ ಮೇಲೆ ಕೂತಿದ್ದರು. ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಗೌಂಡಿಯನ್ನು ಬೈಯುತ್ತ ಕೂತರು, ಅಷ್ಟೇ.

ಕೆಲಸ ಮುಗಿದ ಮೇಲೆ ಮೊದಲ ದಿನ ಅತ್ತೆ ಗೋಡೆಗೆ ಹಾಕಿಸಿದ್ದ ಸ್ಟೀಲಿನ ಹಿಡಿಕೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಹೋದರು. ಅಭ್ಯಾಸಬಲದಿಂದ ನಾನೂ ಹಿಂದೆ ಒಳಗೆ ಹೋದೆ.

"ನೀ ಎಲ್ಲಿಗೆ ಬರತಿ?" ಎಂದರು. "ಹೊರಗ ನಡಿ."

ಬಾಗಿಲು ಮುಚ್ಚಿತು. ಒಳಗಿಂದ ಚಿಲಕ ಹಾಕಿಕೊಂಡ ಸದ್ದಾಯಿತು. ಚಿಲಕ ಹಾಕಬೇಡಿರೆಂದು ಡಾಕ್ಟರು ಹೇಳಿದ್ದರು. ನಾನು ಕೂಗಿ ಹೇಳಬೇಕೆಂದುಕೊಂಡವಳು ಸುಮ್ಮನೆ ಅಡುಗೆಮನೆಗೆ ಹೋಗಿ ನಿಂತೆ.