ಮಿಷನ್ನಿಗೆ ಹೊತ್ತ ನೀರು

ಕುಮಟೆಯಲ್ಲಿ ನನ್ನ ರಿಪೇರಿ ಶೆಡ್ಡು ಇದ್ದ ಕಾಲದಲ್ಲಿ ಮಾಲೀಕರೆಂಬ ಜಾತಿಯನ್ನು ಸಾಕಷ್ಟು ಹತ್ತಿರದಿಂದ ಕಂಡಿದ್ದೇನೆ. ಮಿಷನ್ ಕೆಟ್ಟರೆ ಅವರು ಮೊದಲು ಹಿಡಿಯುವುದು ಸ್ಪ್ಯಾನರನ್ನಲ್ಲ, ಡ್ರೈವರನ ಕೊರಳಪಟ್ಟಿಯನ್ನು. ಹೊನ್ನಾವರದ ಆ ಗುತ್ತಿಗೆದಾರ ಹಿಡಿದದ್ದಂತೂ ಸ್ವಂತ ತಂಗಿಯ ಗಂಡನ ಕೊರಳಪಟ್ಟಿಯನ್ನು.

ಎಂಬತ್ತರ ದಶಕದ ಒಂದು ಬೇಸಿಗೆ. ಗುಡ್ಡ ಕಡಿದು, ಆ ಮಣ್ಣಿನಿಂದ ಹೊಳೆಯಂಚಿನ ರಸ್ತೆ ಎತ್ತರಿಸುವ ಕೆಲಸ. ಎಲ್ಲಿಯೋ ಅಣೆಕಟ್ಟಿನ ಕೆಲಸ ಮುಗಿದು ಹರಾಜಿಗೆ ಬಂದ ಹಳೆಯ ಎಕ್ಸ್‌ಕವೇಟರನ್ನು ಗುತ್ತಿಗೆದಾರ ತಂದಿದ್ದ. ಅವನ ಭಾವ, ಅಂದರೆ ಆ ತಂಗಿಯ ಗಂಡ, ಮಾವಿನಕುರ್ವೆಯಲ್ಲಿ ಮೀನುದೋಣಿಯ ಎಂಜಿನ್ ನೋಡಿಕೊಂಡಿದ್ದವನು. ಎಂಜಿನ್ ಎಲ್ಲಾ ಒಂದೇ ಎಂದು ಅವನನ್ನು ದೋಣಿಯಿಂದ ಇಳಿಸಿ ಮಿಷನ್ ಮೇಲೆ ಕೂರಿಸಿದವನೂ ಗುತ್ತಿಗೆದಾರನೇ. ಗಂಡ ಹೆಂಡತಿಗೆ ತನ್ನ ಹಿತ್ತಲ ತುದಿಯಲ್ಲಿ ಒಂದು ಬಿಡಾರ ಕೊಟ್ಟಿದ್ದ. ಕೊಟ್ಟದ್ದನ್ನು ದಿನಕ್ಕೊಮ್ಮೆ ನೆನಪಿಸದಿದ್ದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಬೆಳಿಗ್ಗೆ ಮಿಷನ್ ಚೆನ್ನಾಗಿಯೇ ನಡೆಯುತ್ತಿತ್ತು. ಮಧ್ಯಾಹ್ನ ದಾಟಿದರೆ ಅದರ ತೋಳು ಸೋಲುತ್ತಿತ್ತು. ಮಣ್ಣು ತುಂಬಿದ ಬಕೆಟ್ ಎತ್ತಿ ಹಿಡಿದರೆ ತಾನಾಗಿಯೇ ಕೆಳಗಿಳಿಯುತ್ತಿತ್ತು, ಪಂಪು ನರಳುತ್ತಿತ್ತು. ಆ ತೋಳಿಗೆ ಬಲ ಬರುವುದು ಎಣ್ಣೆಯ ಒತ್ತಡದಿಂದ. ಎಣ್ಣೆ ಕಾದು ತೆಳುವಾದರೆ ಬಲವೂ ಹೋಯಿತು. ಎಣ್ಣೆ ಕಾಯುತ್ತಿದೆ ಎಂದು ಭಾವ ಹೇಳುತ್ತಲೇ ಇದ್ದ. ಆದರೆ ಕ್ಯಾಬಿನ್ನಿನ ಮೀಟರಿನಲ್ಲಿ ಮುಳ್ಳು ಹಸಿರು ಬಿಟ್ಟು ಕದಲುತ್ತಿರಲಿಲ್ಲ. ಗುತ್ತಿಗೆದಾರ ಆ ಮುಳ್ಳನ್ನೇ ತೋರಿಸಿ, ಮಿಷನ್ನಿಗೆ ಏನೂ ಆಗಿಲ್ಲ, ಊಟವಾದ ಮೇಲೆ ಭಾವಯ್ಯನಿಗೆ ತೂಕಡಿಕೆ ಎಂದು ಕೂಲಿಗಳ ಮುಂದೆ ಆಡಿಕೊಳ್ಳುತ್ತಿದ್ದ. ಕೂಲಿಗಳು ನಗಬೇಕಿತ್ತು, ನಗುತ್ತಿದ್ದರು.

ಕೊನೆಗೊಂದು ದಿನ ಎಣ್ಣೆಯ ಹೋಸ್ ಪೈಪು ಒಡೆದು ಭಾವನ ಮೊಣಕೈ ಬೆಂದಿತು. ಗುತ್ತಿಗೆದಾರ ಕೂಡಲೇ ಜನ ಕಳಿಸಿದ, ಡಾಕ್ಟರನ್ನು ಕರೆಯಲು ಅಲ್ಲ, ನನ್ನನ್ನು ಕರೆಯಲು. ತಪ್ಪು ಮಿಷನ್ನಿನದಾದರೆ ಸರಿ, ಭಾವನದಾದರೆ ಅಂದೇ ಕೆಲಸವೂ ಇಲ್ಲ, ಬಿಡಾರವೂ ಇಲ್ಲ ಎಂದು ನಾನು ಬರುವ ಮೊದಲೇ ಸಾರಿಬಿಟ್ಟಿದ್ದ.

ಮರುದಿನ ನಾನು ಹೋದಾಗ ಭಾವ ಬೆಂದ ಕೈಗೆ ಬಟ್ಟೆ ಸುತ್ತಿಕೊಂಡು ನೆರಳಲ್ಲಿ ಕೂತಿದ್ದ. ಗುತ್ತಿಗೆದಾರ ಮಿಷನ್ನಿನ ಪಕ್ಕದಲ್ಲೇ ನಿಂತಿದ್ದ. ಅವನ ಹೆಂಡತಿ ಬುತ್ತಿ ತಂದವಳು ಅಲ್ಲೇ ನಿಂತಿದ್ದಳು. ನಾನು ಚೀಲ ಇಳಿಸುವುದರೊಳಗೆ ಹತ್ತಿರ ಬಂದಳು.

“ಮಿಸ್ತ್ರಿಯವರೆ, ಸಮಾ ನೋಡಿ ಹೇಳಿ. ಇವರದ್ದು ಎಂತ ತಪ್ಪೂ ಇಲ್ಲ.”

ಹೇಳುವುದು ಮಿಷನ್ನು, ನಾನಲ್ಲ ಎಂದೆ. ಮಾತು ಸ್ವಲ್ಪ ಒರಟಾಗಿಯೇ ಬಂತು. ನನ್ನ ಬಾಯಿಯೇ ಹಾಗೆ.

ಹೊಸ ಹೋಸ್ ಹಾಕಿ, ನಾನೇ ಹತ್ತಿ ಕೂತು, ಬಿಸಿಲೇರುವವರೆಗೆ ಮಣ್ಣು ಅಗೆದೆ. ತೋಳು ಸೋತಿತು. ಮುಳ್ಳು ಮಾತ್ರ ಉಂಡು ಮಲಗಿದ ಯಜಮಾನನಂತೆ ಹಸಿರಿನಲ್ಲೇ ಇತ್ತು. ಇಳಿದು ಎಣ್ಣೆಯ ಟ್ಯಾಂಕಿಗೆ ಅಂಗೈ ತಾಗಿಸಿದೆ, ಕಣ್ಣಲ್ಲಿ ನೀರು ಬಂತು. ಇಬ್ಬರಲ್ಲಿ ಸುಳ್ಳು ಹೇಳುತ್ತಿರುವುದು ಭಾವನಲ್ಲ, ಮುಳ್ಳು ಎಂದು ಅಷ್ಟಕ್ಕೇ ಗೊತ್ತಾಯಿತು. ಟ್ಯಾಂಕಿನಲ್ಲಿ ಶಾಖ ಅಳೆಯುವ ಸೆನ್ಸರ್ ಇರುತ್ತದೆ, ಆಗ ನಾವು ಬಲ್ಬ್ ಎನ್ನುತ್ತಿದ್ದೆವು. ಅದರ ವೈರ್ ಕಳಚಿ ಮಿಷನ್ನಿನ ಮೈಗೆ ಮುಟ್ಟಿಸಿದರೆ ಮುಳ್ಳು ಕೆಂಪಿಗೆ ಹಾರಿತು. ಅಂದರೆ ಮೀಟರ್ ಸರಿ, ವೈರೂ ಸರಿ. ಹಾಳಾದದ್ದು ಬಲ್ಬ್.

ಅವಳ ಮುಖ ಅರಳಿತು. ಗಂಡನ ಕಡೆ ತಿರುಗಿ, ಕೇಳಿತೋ ಎಂಬಂತೆ ನೋಡಿದಳು. ಅಲ್ಲಿಗೇ ನಿಲ್ಲಿಸಿ ಬರಬಹುದಿತ್ತು. ಆದರೆ ಬಲ್ಬ್ ಎಣ್ಣೆಯನ್ನು ಕಾಯಿಸುವುದಿಲ್ಲ. ಕಾಯುತ್ತಿದ್ದುದಕ್ಕೆ ಕಾರಣ ಬೇರೆ ಇರಬೇಕು. ಅದನ್ನು ಬಿಟ್ಟು ಬಂದರೆ ಇನ್ನೊಬ್ಬನ ಕೈ ಬೇಯುತ್ತದೆ.

ಮಿಷನ್ ತಣಿದ ಮೇಲೆ ಬಲ್ಬ್ ಬಿಚ್ಚಿದೆ. ಅದರ ತಿರುಪಿನ ಸುತ್ತುಗಳ ತುಂಬ ಹಸಿರು ಬಿಳಿ ಕಿಲುಬು. ನಾಲಿಗೆಗೆ ಮುಟ್ಟಿಸಿದೆ, ಉಪ್ಪು. ಪಕ್ಕದ ಮುಚ್ಚಳ ತೆಗೆದು ಎಣ್ಣೆ ತಣಿಸುವ ಕೂಲರ್ ನೋಡಿದೆ. ಗಾಳಿ ಹಾಯಬೇಕಾದ ಸಂದುಗಳಲ್ಲೆಲ್ಲ ಬಿಳಿಯ ಹೆಪ್ಪು ಕಟ್ಟಿತ್ತು. ಕೆರೆದು ಬಾಯಿಗಿಟ್ಟೆ. ಅದೂ ಉಪ್ಪು.

ಇದಕ್ಕೆ ನೀರು ಹೊಯ್ದವರು ಯಾರು ಎಂದು ಕೇಳಿದೆ.

“ನಾನೇಯ,” ಎಂದಳು. “ದಿನಾ ಮಧ್ಯಾಹ್ನ ಹೊಳೆಯಿಂದ ಕೊಡದಲ್ಲಿ ತಂದು ಹೊಯ್ತಿದ್ದೆ. ಕಾದದ್ದು ತಂಪಾಗ್ಲಿ ಹೇಳಿ.”

ಮೆಚ್ಚುಗೆಯ ಮಾತು ಬರುತ್ತದೆಂದು ಅವಳು ಕಾದಿದ್ದಳು. ಬೇಸಿಗೆಯಲ್ಲಿ ಅಳಿವೆಯಿಂದ ಭರತದ ಉಪ್ಪುನೀರು ಏರಿ ಅಲ್ಲಿನ ಹೊಳೆ ಎಂದರೆ ಸಮುದ್ರವೇ. ಸಮುದ್ರದ ನೀರನ್ನೇ ಎಳೆದುಕೊಂಡು ತಂಪಾಗುವ ದೋಣಿಯ ಎಂಜಿನ್ ಜೊತೆ ಬಾಳಿದ ಮನೆಯವರು. ಅದರಲ್ಲಿ ತಪ್ಪಿದೆ ಎಂದು ಅವರಿಗೆ ಹೊಳೆಯುವ ಮಾತೇ ಇಲ್ಲ. ಇಲ್ಲಿ ನೀರು ಆರಿ ಉಪ್ಪು ಉಳಿಯಿತು. ಉಪ್ಪಿನ ಮೇಲೆ ಉಪ್ಪು ಕೂತು ಗಾಳಿಯ ದಾರಿ ಕಟ್ಟಿತು. ಅವಳು ಕೊಡ ಹೊತ್ತಷ್ಟೂ ಮಿಷನ್ ಕಾದಿತ್ತು.

ಮನೆಯ ಬಾವಿಯ ನೀರು ಯಾಕೆ ತರಲಿಲ್ಲ ಎಂದೆ. ಅವಳು ಅಣ್ಣನ ಮುಖ ನೋಡಿದಳು. ಕೇಳಿದ್ದಳಂತೆ. ಬೇಸಿಗೆಯ ಬಾವಿ, ಮಿಷನ್ನಿಗೆ ಕುಡಿಸಲು ನೀರಿಲ್ಲ ಎಂದು ಅಣ್ಣನೇ ಹೇಳಿದ್ದನಂತೆ.

ನನಗೆ ಪಿತ್ತ ನೆತ್ತಿಗೇರಿತು. ಸ್ಕ್ರೂಡ್ರೈವರಿನಿಂದ ಕೂಲರನ್ನು ಇನ್ನೂ ಆಳಕ್ಕೆ ಕೆರೆದೆ. ಉಪ್ಪಿನ ಅಡಿಯಲ್ಲಿ ಬೂದು ಸಿಮೆಂಟಿನ ಧೂಳು ಕಲ್ಲಾಗಿ ಕೂತಿತ್ತು, ಅಣೆಕಟ್ಟಿನ ಧೂಳು. ಹರಾಜಿನಲ್ಲಿ ತಂದ ದಿನ ಒಮ್ಮೆ ತೊಳೆಸಿದ್ದರೆ ಇದು ಕಾಯುತ್ತಲೇ ಇರಲಿಲ್ಲ, ಇವಳು ನೀರು ಹೊರುವ ಪ್ರಸಂಗವೇ ಬರುತ್ತಿರಲಿಲ್ಲ, ಮೊದಲ ತಪ್ಪು ನಿನ್ನದು ಎಂದು ಕೂಲಿಗಳೆಲ್ಲ ಕೇಳುವ ಹಾಗೆ ಅಂದೆ. ಗುತ್ತಿಗೆದಾರ ಧೂಳನ್ನು ನೋಡಲೂ ಇಲ್ಲ. ಅವನಿಗೆ ಬೇಕಾದದ್ದು ಸಿಕ್ಕಿಯಾಗಿತ್ತು.

“ಉಪ್ಪು ನೀರು ಹೊಯ್ದವಳು ನೀನು ಹೌದೋ ಅಲ್ದೋ?” ಎಂದು ತಂಗಿಯನ್ನು ಕೇಳಿದ. ಅವಳು ಹೌದೆಂದಳು. “ಆತು. ಉಪ್ಪು ತಿಂದವರು ನೀರು ಕುಡಿಲೇಬೇಕು.”

ಭಾವ ಗುತ್ತಿಗೆದಾರನ ಮೇಲೆ ಏರಿ ಹೋಗುತ್ತಾನೆಂದು ನಾನು ತಿಳಿದೆ. ಅವನು ಎದ್ದು ಹೆಂಡತಿಯ ಹತ್ತಿರ ಹೋಗಿ, ನಿನ್ನ ಹತ್ರ ನೀರು ತಾ ಅಂದವರು ಯಾರು ಎಂದು ಕೇಳಿದ. ಕೂಲಿಗಳ ಮುಂದೆ ದಿನವೂ ತಿಂದ ಅವಮಾನವನ್ನೆಲ್ಲ ಆ ಒಂದು ಮಾತಿನಲ್ಲಿ ಅವಳ ತಲೆಗೆ ಕಟ್ಟಿದ. ಬುತ್ತಿ ಹಾಗೇ ಉಳಿಯಿತು.

ಮಳೆ ಬೀಳುವ ಮೊದಲು ಹೊಸ ಬಲ್ಬ್ ಹಾಕಲು ಮತ್ತೆ ಹೋದೆ. ಮಿಷನ್ ಮೇಲೆ ಭಟ್ಕಳದ ಡ್ರೈವರ್ ಇದ್ದ. ಭಾವ ಧಾರೇಶ್ವರದ ಕಡೆ ಯಾರದೋ ದೋಣಿಗೆ ಹೋಗಿದ್ದಾನೆ, ಹೆಂಡತಿಯನ್ನು ಕರೆದೊಯ್ದಿಲ್ಲ ಎಂದು ಅವನೇ ಹೇಳಿದ. ಈಗ ಕೂಲರನ್ನು ದಿನಾ ಬೆಳಿಗ್ಗೆ ಬಾವಿಯ ನೀರಿನಲ್ಲಿ ತೊಳೆಯುತ್ತಾರಂತೆ. ಮಿಷನ್ನಿಗೆ ನೀರಿಲ್ಲ ಎಂದಿದ್ದ ಅದೇ ಬಾವಿ. ಕೆಡಿಸಿದವಳೇ ತೊಳೆಯಲಿ ಎಂದು ಅಣ್ಣ ಆ ಕೆಲಸಕ್ಕೆ ಹಚ್ಚಿದ್ದು ತಂಗಿಯನ್ನೇ.

ಅಷ್ಟರಲ್ಲಿ ಅವಳು ಕೊಡ ಹೊತ್ತು ದಿಬ್ಬ ಏರಿ ಬಂದಳು. ನನ್ನನ್ನು ಕಂಡು ನಿಂತಳು. ನಾನೇನೂ ಕೇಳಿರಲಿಲ್ಲ.

“ಸಿಹಿ ನೀರೇಯ, ಮಿಸ್ತ್ರಿಯವರೆ,” ಎಂದಳು. “ಪ್ರತಿ ಕೊಡ ಬಾಯಿಗೆ ಬಿಟ್ಟು ನೋಡೇ ತರ್ತೆ.”